ಗೋಡೆಯ ಮೇಲಿನ ಹೀರೇಕಾಯಿ

ಬದನೆಕಾಯಿಗೆ ಕಣ್ಣು ಬರೆಯುವುದು ಇಷ್ಟು ತ್ರಾಸಿನ ಕೆಲಸವಾದೀತೆಂದು ಕೊಟ್ರೇಶ ಎಣಿಸಿರಲಿಲ್ಲ. ಕಾಯಿ ಚೆಂದಾಗಿಯೇ ಬಂದಿತ್ತು. ತೊಟ್ಟಿನ ಹಸಿರು, ಹೊಟ್ಟೆಯ ನೇರಳೆ, ಪಕ್ಕಕ್ಕೊಂದು ಬಿಳಿಯ ಹೊಳಪು, ಎಲ್ಲ ಮೊಬೈಲಿನ ವಿಡಿಯೋದಲ್ಲಿ ತೋರಿಸಿದ ಹಾಗೆಯೇ. ಕಣ್ಣಿಗೆ ಬಂದಾಗ ಕೈ ಕೆಟ್ಟಿತು. ವಿಡಿಯೋದ ಬದನೆಕಾಯಿ ನಗುತ್ತಿತ್ತು. ಇದು ನಗುತ್ತಿಲ್ಲ, ಬಾಗಿಲ ಕಡೆಗೆ ಓರೆಗಣ್ಣು ಹಾಕಿ ಯಾರೋ ಬಂದೇ ಬಿಟ್ಟರೆಂದು ಹೆದರಿ ಕೂತಿದೆ. ಒರೆಸಿದ, ಮತ್ತೆ ಬರೆದ. ಈ ಸಲ ಒಂದು ಕಣ್ಣು ದೊಡ್ಡದಾಯಿತು, ಬಾತುಕೊಂಡ ಹಾಗೆ. ಏಣಿಯಿಂದ ಇಳಿದು ಹಿಂದೆ ಸರಿದು ನೋಡಿದರೆ ಬದನೆಕಾಯಿ ಒಂದೇ ಅಲ್ಲ, ಮೊನ್ನೆ ಬರೆದ ಗಜ್ಜರಿ, ಪೇರಲಹಣ್ಣು, ಕಲ್ಲಂಗಡಿ ಹೋಳು, ಎಲ್ಲವೂ ಬಾಗಿಲನ್ನೇ ನೋಡುತ್ತಿವೆ. ಬಾಗಿಲಲ್ಲಿ ನಿಂತವನು ತಾನು. ಇವುಗಳ ಅವ್ವನ, ಎಂದು ಬೈದು ಕೈಯಲ್ಲಿದ್ದ ಬ್ರಶ್ಶನ್ನು ನೆಲಕ್ಕೆ ಬಡಿದ. ಅದು ಪುಟಿದು ಮಂಚದ ಕಾಲಿಗೆ ನೇರಳೆ ಹಚ್ಚಿತು. ಆಮೇಲೆ ತಾನೇ ಬಗ್ಗಿ, ಅಂಗಿಯ ತುದಿಯಿಂದ ಮಂಚದ ಕಾಲನ್ನು ಒರೆಸುತ್ತ ಕೂತ. ಸಂಜೆ ಬಸ್ಸಿಗೆ ನೇತ್ರಾ ಬರುತ್ತಾಳೆ, ಮಗಳನ್ನು ಕರೆದುಕೊಂಡು.

ಬರುತ್ತಾಳೆ ಎಂದರೆ ಇರಲಿಕ್ಕೆ ಬರುತ್ತಾಳೆ ಎಂದೇನೂ ಅಲ್ಲ. ತವರುಮನೆ ಮುಂಡರಗಿಯಿಂದ ಫೋನಿನಲ್ಲಿ ಹೇಳಿದ ಮಾತು ಅವನ ಕಿವಿಯಲ್ಲಿ ಕಟೆದಿಟ್ಟಂತಿತ್ತು: "ಒಂದ ರಾತ್ರಿ ಇರ್ತೀವ್ರಿ. ಕೂಸು ತಾನಾಗೇ ಆ ಮನ್ಯಾಗ ಕಣ್ಣ ಮುಚ್ಚಿ ಮಲಗಿತಂದ್ರ ಇರ್ತೀವಿ. ಮಲಗಲಿಲ್ಲಂದ್ರ ಮುಂಜಾನೆ ಬಸ್ ಹತ್ತತೀವಿ. ಆಮ್ಯಾಲ ನೀವು ಬರೂದು ಬ್ಯಾಡ, ಹಿರ್ಯಾರನ್ನ ಕಳಸೂದು ಬ್ಯಾಡ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚಲೋ ಇತ್ತು. ಹಿಂದಿನಿಂದ ಮಗಳ ದನಿ ಕೇಳಿಸಿತು, ಯಾರೋ ಹೇಳಿಕೊಟ್ಟ ಹಾಗೆ: "ಪಪ್ಪಾ, ಆರಾಮ ಅದೀರೇನ್ರಿ?" ಮೊದಲೆಲ್ಲ ಹೆಗಲ ಮೇಲೆ ಹತ್ತಿ ಕೂದಲು ಜಗ್ಗಿ "ನಡಿಯೋ ಕುದುರಿ" ಎನ್ನುತ್ತಿದ್ದ ರಂಜು. ಶಿವರಂಜನಿ ಎಂದು ಇಡೀ ಹೆಸರಿನಿಂದ ಕರೆದರೆ ಮುನಿಸಿಕೊಳ್ಳುತ್ತಿದ್ದ ಹುಡುಗಿ. ಈಗ ಬ್ಯಾಂಕಿನ ಸಾಹೇಬರಿಗೆ ಕೇಳಿದ ಹಾಗೆ ಆರಾಮ ಅದೀರೇನ್ರಿ ಅಂತ! ಫೋನು ಇಟ್ಟ ಮೇಲೆ ಅವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಿದ್ದ. ಹೊಡೆದುಕೊಂಡಾಗ ಸ್ವಲ್ಪ ಹಗುರಾಯಿತು, ಅದು ಅವನಿಗೆ ನಾಚಿಕೆಯೆನಿಸಿತು.

ಕೋಣೆಗೆಂದು ಮನೆಯಲ್ಲೇ ದೊಡ್ಡದನ್ನು ಆರಿಸಿದ್ದ. ಬೆಟಗೇರಿಯ ಈ ಹಳೆಯ ಮನೆಯಲ್ಲಿ ಗಾಳಿ ಬೆಳಕು ಇರುವುದು ಇದೊಂದಕ್ಕೇ. ಅಪ್ಪನ ಕಾಲದಿಂದಲೂ ಇದು ಮೆಣಸಿನಕಾಯಿಯ ಖೋಲಿ. ಪೇಟೆಯ ತಮ್ಮ ದಲಾಲಿ ಅಡತಿ ಅಂಗಡಿಯಲ್ಲಿ ಹಿಡಿಸಲಾರದ ಚೀಲಗಳೆಲ್ಲ ಇಲ್ಲಿಯೇ ತೊಲೆ ಮುಟ್ಟುವಷ್ಟು ಬೀಳುತ್ತಿದ್ದವು. ಅವ್ವ ಮತ್ತು ಓಣಿಯ ಹೆಂಗಸರು ಇಲ್ಲಿಯೇ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಕೊಟ್ರೇಶ ಒಂದೂ ಉಳಿಯದಂತೆ ಚೀಲಗಳನ್ನು ಸಾಗಿಸಿದ. ಕಾರಕೂನನಿಗೆ ಹೇಳಬಹುದಿತ್ತು, ಹೇಳಲಿಲ್ಲ. ತಾನೇ ಹೊತ್ತ. ನೆಲವನ್ನು ಸೋಡಾ ಹಾಕಿ ತಿಕ್ಕಿದ. ಕಬ್ಬಿಣದ ಪಟ್ಟಿ ಹಿಡಿದು ಗೋಡೆಯ ಹಳೆಯ ಸುಣ್ಣ ಕೆರೆದ. ಕೆರೆಯುವಾಗಿನ ಸುಖ ಅವನಿಗೇ ಅಂಜಿಕೆ ತರಿಸುವಂಥದ್ದು. ಪಟ್ಟಿಯನ್ನು ಒತ್ತಿ ಎಳೆದಾಗ ಪದರು ಪದರಾಗಿ ಗೋಡೆಯ ಚರ್ಮ ಸುಲಿದು ಬೀಳುತ್ತಿತ್ತು, ಬೆರಳ ಗೆಣ್ಣು ತಾಗಿ ನೆತ್ತರು ಬರುತ್ತಿತ್ತು, ಆ ಗೋಡೆ ಕ್ರಮೇಣ ಮಲ್ಲುವಿನ ಮೋರೆಯಾಗುತ್ತಿತ್ತು. ಮಲ್ಲು ನೇತ್ರಾಳ ತಮ್ಮ. ಮುಂಡರಗಿಯ ಪಡಸಾಲೆಯಲ್ಲಿ, ಹಿರಿಯರು ಕೂತಿದ್ದ ಜಮಖಾನದ ಅಂಚಿನಲ್ಲಿ, ಇವನ ಕಪಾಳಕ್ಕೆ ಬಾರಿಸಿದವನು. ಮಾಮಾ ಮಾಮಾ ಎಂದು ಬೆನ್ನು ಹತ್ತಿ ಓಡಾಡುತ್ತಿದ್ದ ಹುಡುಗನ ಕೈ! ಆ ಹೊಡೆತದ ಸಪ್ಪಳಕ್ಕೆ ಒಳಗಿನ ಹೆಂಗಸರು ಮಾತು ನಿಲ್ಲಿಸಿದ್ದರು. ಕೊಟ್ರೇಶ ಅವತ್ತು ಕೈ ಎತ್ತಲಿಲ್ಲ. ಎತ್ತದೇ ಇದ್ದದ್ದು ಮಾತ್ರ ದಿನಾಲೂ ಒಳಗೆ ಎದ್ದು ಬಡಿಯುತ್ತದೆ. ಸ್ನಾನ ಮಾಡುವಾಗ, ಮೆಣಸಿನಕಾಯಿ ಮಾದರಿ ಮುರಿದು ನೋಡುವಾಗ, ರೊಟ್ಟಿ ಹರಿಯುವಾಗ ಅವನು ಮಲ್ಲುವಿನ ಹಲ್ಲು ಉದುರಿಸುತ್ತಿರುತ್ತಾನೆ.

ಅವತ್ತು ಹಿರಿಯರೆದುರು ತಾನು ಆಡಿದ ಮಾತು ಖರೆಯೇ ಆಗಿತ್ತಲ್ಲ? "ನಾನೂ ಚೀಲದ ಒಳಗಽ ಇದ್ನಿರಿ. ನನಗೇನೂ ಆಗಲಿಲ್ಲ." ಅಷ್ಟು ಹೇಳಿದ್ದಕ್ಕೇ ಮಲ್ಲು ಎದ್ದು ಬಂದು ಹೊಡೆದದ್ದು.

ಹೀರೇಕಾಯಿ ಪಲ್ಯ, ಅಷ್ಟೇ. ಬ್ಯಾಡಗಿಯಿಂದ ಬಂದಿದ್ದ ವ್ಯಾಪಾರಸ್ಥ ಊಟಕ್ಕೆ ಕೂತಿದ್ದ, ದೊಡ್ಡ ಕುಳ. ರಂಜು ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ನುಂಗದೆ ಕೂತಿದ್ದಳು. ಇದು ಅವಳ ಹಳೆಯ ಆಟ, ಕೊಟ್ರೇಶನದೂ ಹಳೆಯ ಉಪಾಯ: "ಆ ಮಾಡು" ಎನ್ನುವುದು, ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸುವತನಕ ಬಿಡದಿರುವುದು. ದಿನಾಲೂ ಅವಳು ಅಳುತ್ತಲಾದರೂ ಬಾಯಿ ತೆರೆದು ತೋರಿಸುತ್ತಿದ್ದಳು. ಅವತ್ತು ಮಂದಿಯ ಎದುರು "ಆ ಮಾಡು" ಎಂದ. ಅವಳು ಬಾಯಿ ತೆರೆದು, ಅರೆದ ಪಲ್ಯವನ್ನೆಲ್ಲ ಇವನ ಬಿಳಿ ಅಂಗಿಯ ಮೇಲೆ ಉಗುಳಿದಳು. ಬ್ಯಾಡಗಿಯವನು ಹೊಟ್ಟೆ ಹಿಡಿದು ನಕ್ಕ. "ನಿಮ್ಮ ಮಗಳು ನಿಮಗಿಂತಾ ಜೋರ ಅದಾಳ ಬಿಡ್ರಿ ಸಾವ್ಕಾರ್ರ!" ಕೊಟ್ರೇಶನೂ ನಕ್ಕ. ಕೈ ತೊಳೆದುಕೊಳ್ಳಲು ನೀರು ಕೊಟ್ಟ, ಎಲೆ-ಅಡಿಕೆ ಕೊಟ್ಟ, ಬಾಗಿಲತನಕ ಹೋಗಿ ಕಳಿಸಿದ. ತಿರುಗಿ ಬಂದವನೇ ಬಚ್ಚಲ ಒಲೆಯ ಕೆಂಡವನ್ನು ಸಲಿಕೆಯಲ್ಲಿ ತೆಗೆದುಕೊಂಡ, ಅದರ ಮೇಲೆ ಒಂದು ಹಿಡಿ ಮೆಣಸಿನಕಾಯಿ ಸುರುವಿದ, ಮಗಳನ್ನು ಎಳೆದು ತೊಡೆಯ ನಡುವೆ ಅವುಚಿ ಹಿಡಿದು ಗೋಣಿಚೀಲ ಹೊದ್ದು ಕೂತ. ಅವಳು ಮೊದಲು ಕೂಗಿದಳು. ಆಮೇಲೆ ಕೂಗಲಿಕ್ಕೂ ಆಗದೆ ಮೈ ಬಡಿದುಕೊಂಡಳು, ಚಿಕ್ಕ ಹಿಮ್ಮಡಿಗಳು ಅವನ ಮೊಣಕಾಲಿಗೆ ಬಡಿಬಡಿದು ಸುಮ್ಮನಾದವು. ಅವನಿಗೆ ಏನೂ ಆಗುತ್ತಿರಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಗಂಟಲಲ್ಲಿ ಕೆರೆತವಿಲ್ಲ. ಇಷ್ಟಕ್ಕೇ ಇಷ್ಟು ನಾಟಕವೇ ಎಂದು ಇನ್ನಷ್ಟು ಬಿಗಿಯಾಗಿ ಹಿಡಿದಿದ್ದ. ನೇತ್ರಾ ಬಂದು ಚೀಲ ಕಿತ್ತೆಸೆದಾಗ ಮಗಳ ತುಟಿ ಕಪ್ಪಿಟ್ಟಿತ್ತು, ಕಣ್ಣು ಎರಡು ಮಾಂಸದ ಮುದ್ದೆಗಳಾಗಿದ್ದವು. ಹುಬ್ಬಳ್ಳಿಯ ದವಾಖಾನೆಯಲ್ಲಿ ಉಸಿರಿಗೆ ನಳಿಗೆ ಹಾಕಿದರು. ಅಲ್ಲಿಂದಲೇ ನೇತ್ರಾ ಮುಂಡರಗಿಗೆ ಹೋದಳು, ಮನೆಗೆ ಬರಲಿಲ್ಲ.

ಅವನಿಗೆ ಘಾಟು ಹತ್ತುವುದಿಲ್ಲ. ಇದು ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಅವನ ಹೆಮ್ಮೆಯೂ ಹೌದು. ಹೊಸಬರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಬಂದರೆ ಅವನು ಚೀಲದೊಳಗೆ ಮೋರೆ ಇಟ್ಟು ಎದ್ದು ನಗುತ್ತಿದ್ದ. ಅಪ್ಪ ನಿಜಲಿಂಗಪ್ಪನೂ ಹಾಗೆಯೇ ಇದ್ದ. ಕೊಟ್ರೇಶ ಶಾಲೆ ತಪ್ಪಿಸಿದಾಗ, ಸುಳ್ಳು ಹೇಳಿದಾಗ, ಒಮ್ಮೆ ಸುಮ್ಮನೆ ಅತ್ತದ್ದಕ್ಕೆ, ಅಪ್ಪ ಇದೇ ಸಲಿಕೆ, ಇದೇ ಗೋಣಿ ತರುತ್ತಿದ್ದ. ಚೀಲದ ಕತ್ತಲೆಯಲ್ಲಿ ಅಪ್ಪನ ಬೆವರು, ಅಪ್ಪನ ತೊಡೆಯ ಬಿಗಿ, ಎದೆಯೊಳಗೆ ಯಾರೋ ಉಪ್ಪು ಹಾಕಿ ತಿಕ್ಕಿದ ಹಾಗೆ ಉರಿ. ಮುಗಿದ ಮೇಲೆ ಅಪ್ಪ ತಾನೇ ಬೆಲ್ಲ, ತುಪ್ಪ ತಿನ್ನಿಸಿ, "ಇನ್ನ ನೀ ಗಂಡಸಾದಿ" ಎಂದು ಬೆನ್ನು ತಟ್ಟುತ್ತಿದ್ದ. ಯಾವತ್ತಿನಿಂದ ಉರಿಯುವುದು ನಿಂತಿತೋ ಕೊಟ್ರೇಶನಿಗೆ ನೆನಪಿಲ್ಲ. ಅಪ್ಪ ಸತ್ತಾಗ ಅಳಲು ಕೂತರೆ ಕಣ್ಣೇ ಒದ್ದೆಯಾಗಲಿಲ್ಲ. ಬೀಗರೆಲ್ಲ ಎಂಥ ಗಟ್ಟಿ ಮಗ ಎಂದರು. ನೇತ್ರಾ ಮದುವೆಯಾಗಿ ಬಂದ ಹೊಸತರಲ್ಲಿ ಹಗಲೂ ರಾತ್ರಿ ಸೀನುತ್ತಿದ್ದಳು. ಅವ್ವ, ಓಣಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಈ ಮನ್ಯಾಗ ಯಾರಿಗೂ ಮೂಗ ಇಲ್ಲ ನೋಡ್ರಿ," ಎಂದಿದ್ದಳು ಒಮ್ಮೆ, ಚೇಷ್ಟೆಯಿಂದಲೇ. ಅವನಿಗೂ ನಗು ಬಂದಿತ್ತು.

ಹನ್ನೊಂದರ ಹೊತ್ತಿಗೆ ಖಾಜಾಸಾಬ ಬಂದ. ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಬಣ್ಣ, ಬ್ರಶ್ಶು ಎಲ್ಲ ಅವನದೇ ಎರವಲು. ತಾನೇ ಬರೆದುಕೊಡುತ್ತೇನೆಂದರೂ ಕೊಟ್ರೇಶ ಒಪ್ಪಿರಲಿಲ್ಲ. ಮಗಳಿಗೆ ಪಪ್ಪಾ ಬರೆದದ್ದು ಎಂದು ತೋರಿಸಬೇಕಿತ್ತು. ಖಾಜಾಸಾಬ ಗೋಡೆ ನೋಡಿ, "ಚಲೋ ಆಗ್ಯಾವಲ್ರಿ, ಕೈ ಕುಂತೈತಿ," ಎಂದು ಹೊಗಳಿ ಏಣಿ ಹತ್ತಿದ. ಹೊಸ ಫ್ಯಾನಿನ ಬುಡಕ್ಕೆ ಒಂದು ಹೂವು ಬರೆದರೆ ಚೆಂದ ಎಂದು ತೊಲೆಯನ್ನು ತಟ್ಟಿ ನೋಡಿದ. ತಟ್ಟಿದವನೇ ಸೀನಿದ, ಮತ್ತೆ ಸೀನಿದ, ಕಣ್ಣೊರೆಸಿಕೊಳ್ಳುತ್ತ ಸರಸರ ಇಳಿದ. "ನಾ ಬರ್ತೇನ್ರಿ," ಎಂದ. ಅವ್ವ ತಂದ ಚಹಾವನ್ನೂ ಮುಟ್ಟಲಿಲ್ಲ. ಕೊಟ್ರೇಶ ಅವನ ಕೆಂಪು ಕಣ್ಣುಗಳನ್ನು ನೋಡಿದ.  ಇವನಿಗೂ ಗೊತ್ತಾಗಿದೆ. ಊರಿಗೆಲ್ಲ ಗೊತ್ತಾಗಿದೆ. ಮಗಳ ಕಣ್ಣು ಸುಟ್ಟವನ ಮನೆಯ ಚಹಾ ಕುಡಿಯಬಾರದೆಂದು ಹೋಗುತ್ತಿದ್ದಾನೆ, ಕಣ್ಣಲ್ಲಿ ನೀರು ಬೇರೆ ತಂದುಕೊಂಡು! "ನಿಲ್ರಿ, ಚಾ ಕುಡದ ಹೋಗ್ರಿ!" ಎಂದು ಕೂಗಿದ. ದನಿ ತನಗೇ ಅಂಜಿಕೆಯಾಗುವಷ್ಟು ದೊಡ್ಡದಿತ್ತು. ಖಾಜಾಸಾಬ ತಿರುಗಿ ನೋಡಿ, ಕೈಮುಗಿದು, ಕೆಮ್ಮುತ್ತ ಓಣಿಯಲ್ಲಿ ನಡೆದುಬಿಟ್ಟ. ಕೊಟ್ರೇಶ ಚಹಾದ ಕಪ್ಪನ್ನು ಎತ್ತಿ ಅಂಗಳದ ಕಲ್ಲಿಗೆ ಒಗೆದ. ಚೂರುಗಳು ತುಳಸಿಕಟ್ಟೆಯತನಕ ಸಿಡಿದವು.

"ಲೇ ಕೊಟ್ಯಾ, ಕೂಸು ಬರೂ ಮನ್ಯಾಗ ಗಾಜ ಒಡೀತೀಯಲ್ಲೋ!" ಅವ್ವ ಬಸವಣ್ಣೆವ್ವ ಕಸಬರಿಗೆ ಹಿಡಿದು ಬಂದಳು. ಚೂರು ಬಳಿಯುತ್ತ, ಅವನ ಮೋರೆ ನೋಡದೆ, "ಸಂಜೀಕ ಹೊಸ್ತಿಲದಾಗ ದೃಷ್ಟಿ ತಗೀಬೇಕು. ಎಷ್ಟ ದಿನಕ್ಕ ಬರಾಕತ್ತೈತಿ ಕೂಸು. ಮೆಣಸಿನಕಾಯಿ, ಉಪ್ಪು ತಗದಿಟ್ಟೇನಿ," ಎಂದಳು.

"ಮೆಣಸಿನಕಾಯಿ ಗಿಣಸಿನಕಾಯಿ ಏನೂ ಬ್ಯಾಡ ಬೇ."

"ಮೆಣಸಿನಕಾಯಿ ಸುಡಲಿಲ್ಲಂದ್ರ ಎಂಥಾ ದೃಷ್ಟಿನೋ ಅದು? ಎಲ್ಲಾ ಮನ್ಯಾಗೂ..."

"ಬ್ಯಾಡ ಅಂದ್ನಿಲ್ಲ!" ಕೊಟ್ರೇಶ ಅವಳ ಕೈಯ ಕಸಬರಿಗೆ ಕಸಿದುಕೊಂಡ. "ಇವತ್ತ ಈ ಮನ್ಯಾಗ ಒಂದಽ ಒಂದ ಮೆಣಸಿನಕಾಯಿ ಬೆಂಕ್ಯಾಗ ಬಿತ್ತಂದ್ರ ನೋಡು ಮತ್ತ. ನಾ ಮನಶ್ಯಾ ಆಗಿರಂಗಿಲ್ಲ."

ಮುದುಕಿ ಬರಿಗೈಯಲ್ಲಿ ಚೂರು ಆರಿಸತೊಡಗಿದಳು. ಅಪ್ಪ ಗೋಣಿ ತಂದ ದಿನಗಳಲ್ಲಿಯೂ ಅವಳು ಹೀಗೆಯೇ, ಏನಾದರೊಂದನ್ನು ಆರಿಸುತ್ತ ಕೂತಿರುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. ಆಗ ಇವಳು ಯಾಕೆ ಎದ್ದು ಬರಲಿಲ್ಲ? ನೇತ್ರಾ ಬಂದು ಚೀಲ ಕಿತ್ತಳಲ್ಲ, ಇವಳಿಗೇನಾಗಿತ್ತು? ಕೊಟ್ರೇಶನ ತಲೆಯೊಳಗೆ ಈ ಮಾತು ಮೊದಲ ಸಲ ಬಂತು, ಬಂದಾಗ ಅವನ ಮುಷ್ಟಿ ತಾನಾಗಿ ಬಿಗಿಯಿತು. ಕಸಬರಿಗೆಯನ್ನು ಅಲ್ಲಿಯೇ ಬಿಟ್ಟು ಕೋಣೆಗೆ ಹೋದ.

ಬಸ್ ನಿಲ್ದಾಣದ ಹತ್ತಿರ ಕೊಂಡ ಹಣ್ಣು-ತರಕಾರಿಗಳ ಪಟ ಮಂಚದ ಮೇಲಿತ್ತು. ಅದರಲ್ಲಿದ್ದುದೆಲ್ಲ ಗೋಡೆಗೆ ಏರಿತ್ತು, ಎರಡನ್ನು ಬಿಟ್ಟು. ಒಂದು ಮೆಣಸಿನಕಾಯಿ. ಯಾವ ಪುಣ್ಯಾತ್ಮ ಬರೆದನೋ, ಅದಕ್ಕೆ ಮೀಸೆ ಹಚ್ಚಿ ರುಮಾಲು ಸುತ್ತಿದ್ದ. ಪಡಸಾಲೆಯಲ್ಲಿ ತೂಗುಹಾಕಿದ ನಿಜಲಿಂಗಪ್ಪನ ಫೋಟೋವೇ. ಕೊಟ್ರೇಶ ಆ ಮೂಲೆಯನ್ನು ಹರಿದು ಕಿಡಕಿಯಿಂದ ಎಸೆದಿದ್ದ. ಇನ್ನೊಂದು ಹೀರೇಕಾಯಿ. ಇದನ್ನು ಬರೆಯಲೋ ಬಿಡಲೋ ಎಂದು ವಾರದಿಂದ ಒದ್ದಾಡುತ್ತಿದ್ದ. ಬಿಟ್ಟರೆ ಗೋಡೆಯ ನಡುವೆ ಖಾಲಿ ಜಾಗ ಉಳಿಯುತ್ತದೆ, ಆ ಖಾಲಿಯೇ ಕೂಗಿ ಹೇಳುತ್ತದೆ. ಬರೆದರೆ? ಬರೆದು, ಅದನ್ನು ನಗಿಸಿದರೆ? ರಂಜು ನೋಡಿ, ಅಯ್ಯ ಇದಽ ಏನು, ಎಂದು ನಕ್ಕುಬಿಟ್ಟರೆ ಎಲ್ಲ ಮುಗಿಯಿತಲ್ಲ? ಊಟವನ್ನೂ ಬಿಟ್ಟು ಕೂತು ಬರೆದ. ಮಗಳ ಎತ್ತರಕ್ಕೇ ಬರೆದ. ಕಾಯಿಯ ಏಣುಗಳನ್ನು ಒಂದೊಂದಾಗಿ, ಹಸಿರಿಗೆ ಸ್ವಲ್ಪ ಹಳದಿ ಬೆರೆಸಿ, ತುದಿಗೆ ಬಾಡಿದ ಹೂವು. ಕಣ್ಣು ಬರೆಯುವಾಗ ಉಸಿರು ಹಿಡಿದ. ಏನು ಸೋಜಿಗವೋ, ಅದರ ಕಣ್ಣು ಮಾತ್ರ ನೆಟ್ಟಗೆ ಬಂದವು. ಹೀರೇಕಾಯಿ ನಕ್ಕಿತು. ಕೊಟ್ರೇಶನಿಗೆ ಅಷ್ಟು ಖುಷಿಯಾಯಿತು, ಅಷ್ಟು ಖುಷಿಯಾಯಿತು, ಒಬ್ಬನೇ ಖೋಲಿಯಲ್ಲಿ ನಿಂತು "ಬರ್ರಿ ಬರ್ರಿ, ಒಳಗ ಬರ್ರಿ" ಎಂದು ಮಂದಿಯನ್ನು ಕರೆದ ಹಾಗೆ ಆಡಿ ನೋಡಿದ. ಹೊಸ ಬಿಳಿ ಹಾಸಿಗೆಬಟ್ಟೆ ಬಿಡಿಸಿ ಹಾಸಿದ, ಸುಕ್ಕು ತಿದ್ದಿದ. ಹೀರೇಕಾಯಿಯ ಬಣ್ಣ ಇನ್ನೂ ಹಸಿ ಇತ್ತು.

ಐದರ ಸುಮಾರಿಗೆ ಆಟೋ ಬಂತು. ಮಲ್ಲು ಮೊದಲು ಇಳಿದ, ಬಟ್ಟೆಯ ಚೀಲವನ್ನು ಇವನ ಕೈಗೆ ಕೊಡದೆ ತಾನೇ ಹಿಡಿದುಕೊಂಡ. ನೇತ್ರಾ ಇಳಿದಳು, ಸೊರಗಿದ್ದಳು. ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಂಜು. ಕೂದಲು ಮೋಟು ಕತ್ತರಿಸಿದ್ದರು. ಕೊಟ್ರೇಶ ಮುಂದೆ ಹೋಗಲಿಲ್ಲ. ಹೋಗಬಾರದೆಂದು ತನಗೆ ತಾನೇ ಹೇಳಿಕೊಂಡು ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದ, ಸಾಲ ಕೇಳಲು ಬಂದವನ ಹಾಗೆ. ಬಸವಣ್ಣೆವ್ವ ಬರೇ ಉಪ್ಪಿನಿಂದ ದೃಷ್ಟಿ ತೆಗೆದು ನೀರಿಗೆ ಹಾಕಿದಳು. ನೇತ್ರಾ ಅದನ್ನು ಗಮನಿಸಿ ಇವನ ಕಡೆ ಒಂದು ಸಲ ನೋಡಿದಳು. ಆ ಒಂದು ನೋಟಕ್ಕೆ ಅವನ ಎದೆ ತುಂಬಿ ಬಂತು.

"ಖೋಲಿ ನೋಡ್ತಿಯೇನವಾ?" ಎಂದ ಮಗಳಿಗೆ, ದನಿ ತಗ್ಗಿಸಿ. "ಪಪ್ಪಾ ಬರದೇನಿ. ಎಲ್ಲಾ ನಿನಗಽ."

ರಂಜು ತಾಯಿಯ ಮೋರೆ ನೋಡಿದಳು. ನೇತ್ರಾ ತಲೆಯಾಡಿಸಿದಳು. ಹೊಸ್ತಿಲಲ್ಲಿ ನಿಂತ ಹುಡುಗಿ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿ, ಬಹಳ ಹೊತ್ತಿನ ಮೇಲೆ ಬೆರಳು ತೋರಿಸಿ, "ಗಜ್ಜರಿ," ಎಂದಳು. ಆಮೇಲೆ, "ಬದನಿಕಾಯಿ. ಅದರ ಕಣ್ಣ ದಪ್ಪ ಆಗೇತಿ." ಕೊಟ್ರೇಶ ನಕ್ಕ. ನೇತ್ರಾಳ ತುಟಿಯೂ ಸಡಿಲಾಯಿತು. ಹುಡುಗಿ ಸೆರಗು ಬಿಟ್ಟು ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋದಳು, ಮಂಚ ಮುಟ್ಟಿದಳು, ಮಂಚದ ಮೇಲೆ ಹತ್ತಿ ಕೂತಳು. ಕೂತೇ ಬಿಟ್ಟಳು! ಕೊಟ್ರೇಶನಿಗೆ ಕುಣಿಯಬೇಕೆನ್ನಿಸಿತು. ಇನ್ನೇನು ಮಾಡಲಿ, ಇನ್ನೇನು ಕೊಡಲಿ ಇವಳಿಗೆ ಎಂದು ಕೈ ತಡಕಾಡಿತು. "ಗಾಳಿ ಬೇಕೇನು? ನೋಡಿಲ್ಲೆ, ಹೊಸಾ ಫ್ಯಾನು," ಎಂದು ಗುಂಡಿ ಒತ್ತಿದ. ಕೂಡಿಸಿದ ಮೇಲೆ ಅದು ತಿರುಗಿದ್ದು ಇದೇ ಮೊದಲು. ಪೂರ್ತಿ ಜೋರಿನಲ್ಲಿ ಹಚ್ಚಿದ.

ರಂಜು ತಲೆಯೆತ್ತಿ ಫ್ಯಾನು ನೋಡಿದಳು. ಕಣ್ಣು ಮಿಟುಕಿಸಿದಳು. ಒಮ್ಮೆ ಸಣ್ಣಗೆ ಕೆಮ್ಮಿ ಗಂಟಲು ಹಿಡಿದುಕೊಂಡಳು. ಮತ್ತೆ ಕೆಮ್ಮು, ಈ ಸಲ ಹೊಟ್ಟೆಯ ತಳದಿಂದ, ಮೈಯೆಲ್ಲ ಬಿಲ್ಲಾಗುವ ಹಾಗೆ. ಕಣ್ಣು ಉಜ್ಜಿಕೊಂಡಳು, ಉಜ್ಜಿಕೊಂಡು ಚಿಟ್ಟನೆ ಚೀರಿದಳು. ಆ ಚೀತ್ಕಾರವನ್ನು ಕೊಟ್ರೇಶ ಬಲ್ಲ. ಚೀಲದೊಳಗೆ ಕೇಳಿದ್ದು ಇದೇ. ನೇತ್ರಾ ಸೀನುತ್ತ ಓಡಿಬಂದು ಮಗಳನ್ನು ಬಾಚಿ ಎತ್ತಿಕೊಂಡು ಪಡಸಾಲೆಗೆ ಓಡಿದಳು. "ಘಾಟೋ! ಯಪ್ಪಾ, ಘಾಟು!" ಎಂದು ಮಲ್ಲು ಬಾಗಿಲಲ್ಲಿ ಮೂಗು ಮುಚ್ಚಿಕೊಂಡ.

ಕೊಟ್ರೇಶನಿಗೆ ಏನೂ ಹತ್ತಲಿಲ್ಲ. ಆದರೆ ತಿಳಿಯಿತು. ಅವ್ವ! ಬ್ಯಾಡ ಎಂದು ಹೇಳಿದರೂ ಕೇಳದೆ ಒಳಗೆ ಹೋಗಿ ಒಲೆಗೆ ಹಾಕಿದ್ದಾಳೆ ಮೆಣಸಿನಕಾಯಿ. ತನ್ನ ಬಾಳು ಹಾಳು ಮಾಡಿದಳು ಮುದುಕಿ. ಆಗಲೂ ಇವಳೇ, ಈಗಲೂ ಇವಳೇ. ಅಡಿಗೆಮನೆಗೆ ಹೇಗೆ ಹೋದನೋ ಅವನಿಗೆ ಗೊತ್ತಿಲ್ಲ. ಬಸವಣ್ಣೆವ್ವ ಮೊಮ್ಮಗಳಿಗೆಂದು ಮಾಡಿದ ಸಿಹಿ ಮಾದಲಿಗೆ ಹಾಲು ಹಾಕುತ್ತಿದ್ದಳು. ಅವಳ ತೋಳು ಹಿಡಿದು ಎಳೆದ, ಹಾಲಿನ ಗಿಂಡಿ ಹಾರಿಬಿತ್ತು. "ಸುಟ್ಟಿಯಿಲ್ಲ? ಸುಟ್ಟಿಯಿಲ್ಲ ಮತ್ತ? ನನ್ನ ಸುಟ್ಟಾಗ ಸುಮ್ಮ ಕುಂತಿದ್ದಿ, ಈಗ ನನ್ನ ಮಗಳನ್ನ ಸುಡ್ತಿ?" ಕೆನ್ನೆಗೆ ಹೊಡೆದ. ಅವಳ ತಲೆ ಒಂದು ಕಡೆ ತಿರುಗಿತು, ಹಲ್ಲಿನ ಸೆಟ್ಟು ನೆಲಕ್ಕೆ ಬಿತ್ತು. ಮತ್ತೆ ಹೊಡೆದ, ಆ ಕಡೆಯಿಂದ. ಅಂಗೈಗೆ ಮುದಿ ಚರ್ಮದ ಸಡಿಲು ತಾಗಿತು, ಅದು ಅವನನ್ನು ಇನ್ನೂ ಕೆರಳಿಸಿತು. ದೂಡಿದ. ಅವಳು ರುಬ್ಬುವ ಒಳಕಲ್ಲಿನ ಮೇಲೆ ಬಿದ್ದಳು, ಹುಬ್ಬಿನ ಮೇಲೆ ಒಡೆದು ನೆತ್ತರು ಬಂತು, ಅಯ್ಯ ನನ್ನ ಶಿವನ ಎಂದು ಕೂಗಿದಳು. ಆ ಕೂಗಿಗೆ ನೇತ್ರಾ ಓಡಿಬಂದಳು, ಮಲ್ಲು ಬಂದು ಹಿಂದಿನಿಂದ ಅವನ ಕುತ್ತಿಗೆಗೆ ತೋಳು ಹಾಕಿ ಜಗ್ಗಿದ. ಕೊಟ್ರೇಶ ಮೊಣಕೈಯಿಂದ ಅವನ ಬಾಯಿಗೆ ಬಾರಿಸಿದ. ವರ್ಷದಿಂದ ಕಾದಿದ್ದ ಹೊಡೆತ. ಮಲ್ಲುವಿನ ತುಟಿ ಸೀಳಿತು. ಏನೂ ಸುಖವಾಗಲಿಲ್ಲ.

"ನಾ ಏನೂ ಹಾಕಿಲ್ಲೋ," ಎಂದಳು ಬಸವಣ್ಣೆವ್ವ ನೆಲದಿಂದಲೇ, ಬೊಚ್ಚುಬಾಯಿಯಲ್ಲಿ. "ಒಲಿ ನೋಡೋ ನಮ್ಮಪ್ಪಾ."

ಅವನು ನೋಡಿದ. ಗ್ಯಾಸು ಆರಿತ್ತು. ಹಂಚು ತೊಳೆದು ಬೋರಲು ಹಾಕಿತ್ತು. ಬಚ್ಚಲ ಒಲೆಯಲ್ಲಿ ತಣ್ಣನೆಯ ಬೂದಿ. ಕಪಾಟಿನಲ್ಲಿ ಮುಂಜಾನೆ ತೆಗೆದಿಟ್ಟ ಮೆಣಸಿನಕಾಯಿ ಅಲ್ಲಿಯೇ, ಉಪ್ಪಿಲ್ಲದ ತಟ್ಟೆಯಲ್ಲಿ, ಇಟ್ಟ ಹಾಗೆಯೇ ಇದ್ದವು.

"ಖೋಲ್ಯಾಗಿಂದರೀ ಅದು," ಎಂದಳು ನೇತ್ರಾ. ಅವಳು ಅತ್ತೆಯ ಹುಬ್ಬಿಗೆ ಸೆರಗು ಒತ್ತಿ ಹಿಡಿದಿದ್ದಳು. ಅವಳ ದನಿಯಲ್ಲಿ ಈಗಲೂ ಸಿಟ್ಟಿರಲಿಲ್ಲ. "ತೊಲಿ ಮ್ಯಾಲ ನಿಮ್ಮಪ್ಪನ ಕಾಲದಿಂದ ಕುಂತ ಖಾರ. ಫ್ಯಾನ ಹಚ್ಚಿದ್ರಿ, ಎಲ್ಲಾ ಕೂಸಿನ ಮ್ಯಾಲ ಉದುರ್ತು. ನಾ ಹೊಸ್ತಲದಾಗ ಕಾಲಿಟ್ಟ ಕೂಡ್ಲೇ ಮೂಗ ಉರೀತು. ಆದ್ರ ಕೂಸು ತಾನಽ ಒಳಗ ಹೋತಲ್ಲ ಅಂತ ಸುಮ್ಮನಾದ್ನಿ." ಸ್ವಲ್ಪ ತಡೆದು ಕೇಳಿದಳು, "ನಿಮಗ ಖರೇನ ಗೊತ್ತಾಗಂಗಿಲ್ಲೇನ್ರಿ?"

ಖಾಜಾಸಾಬನ ಕೆಂಪು ಕಣ್ಣು ನೆನಪಾಯಿತು. ಪಾಪ, ಘಾಟಿಗೆ ಸೀನಿದ್ದ ಅವನು, ಅಷ್ಟೇ.  ಮಲ್ಲು ತುಟಿಯ ನೆತ್ತರು ಉಗುಳಿ, "ಚೀಲ ಇನ್ನೂ ಬಿಚ್ಚಿಲ್ಲ. ಏಳಕ್ಕ, ಅತ್ತಿನ್ನ ದವಾಖಾನಿಗೆ ತೋರ್ಸಿ ಹಂಗಽ ಹೋಗೂಣು," ಎಂದ. ನೇತ್ರಾ ಬಾಗಿಲ ಕಡೆ ತಿರುಗಿ, "ರಂಜೂ," ಎಂದು ಕರೆದಳು.  ಪಡಸಾಲೆಯಲ್ಲಿ, ಕಣ್ಣು ತೊಳೆಯಲೆಂದು ತಂದ ತಂಬಿಗೆಯ ನೀರು ಚೆಲ್ಲಿತ್ತು, ಹುಡುಗಿ ಇರಲಿಲ್ಲ. ಒದ್ದೆ ಹೆಜ್ಜೆಗಳು ಕೋಣೆಯ ಕಡೆ ಹೋಗಿದ್ದವು.

ಎಲ್ಲರಿಗಿಂತ ಮೊದಲು ಕೊಟ್ರೇಶ ಹೋದ. ಫ್ಯಾನು ನಿಂತಿತ್ತು, ಮಲ್ಲು ಆರಿಸಿದ್ದಿರಬೇಕು. ಬಿಳಿ ಹಾಸಿಗೆಬಟ್ಟೆಯ ಮೇಲೆ ತೆಳ್ಳಗೆ ಕೆಂಪು ಪುಡಿ ಕೂತಿತ್ತು, ಅವಳು ಕೂತಿದ್ದ ಜಾಗದಲ್ಲಷ್ಟೇ ಬೆಳ್ಳಗೆ ಉಳಿದಿತ್ತು. ರಂಜು ಗೋಡೆಗೆ ಮೋರೆ ಹಚ್ಚಿ ನಿಂತಿದ್ದಳು. ಮೊದಲು ಅಳುತ್ತಿದ್ದಾಳೆಂದುಕೊಂಡ. ಆಮೇಲೆ ಕಂಡಿತು. ಅವಳು ಎರಡೂ ಕೈ ಗೋಡೆಗೆ ಊರಿ, ಕೆಮ್ಮನ್ನು ನುಂಗುತ್ತ ನುಂಗುತ್ತ, ಹೀರೇಕಾಯಿಯನ್ನು ನೆಕ್ಕುತ್ತಿದ್ದಳು. ಅರ್ಧ ಕಾಯಿ ಹೋಗಿತ್ತು. ನಗುತ್ತಿದ್ದ ಬಾಯಿ ಇರಲಿಲ್ಲ, ಒಂದು ಕಣ್ಣು ಉಳಿದಿತ್ತು. ಅದರ ಕೆಳಗೆ ಹಸಿ ಗೋಡೆಯಲ್ಲಿ ಚಿಕ್ಕ ಹಲ್ಲಿನ ಗೀರುಗಳು.

"ರಂಜೂ..." ಎಂದ.

ಅವಳು ಗಾಬರಿಯಿಂದ ತಿರುಗಿದಳು. ಗಲ್ಲ, ತುಟಿ, ಮೋಟು ಕೂದಲ ತುದಿ, ಎಲ್ಲ ಹಸಿರು. ಬಾತ ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ತಿಂದ್ನಿರಿ ಪಪ್ಪಾ. ಅಜ್ಜಿನ್ನ ಬಡೀಬ್ಯಾಡ್ರಿ," ಎಂದಳು.

ಬೇಡ ಎನ್ನಲು ಕೊಟ್ರೇಶ ಒಂದು ಹೆಜ್ಜೆ ಮುಂದಿಟ್ಟ. ಅವಳು ಬೆನ್ನನ್ನು ಗೋಡೆಗೆ ಒತ್ತಿಕೊಂಡಳು. ಕಣ್ಣು ಬಿಗಿಯಾಗಿ ಮುಚ್ಚಿ, ಅವನು ಕೇಳುವ ಮೊದಲೇ ಬಾಯಿ ಪೂರ್ತಿ ಅಗಲಿಸಿ, ನಾಲಿಗೆ ಮೇಲೆತ್ತಿ, ಕೆನ್ನೆಯಲ್ಲಿ ಏನೂ ಉಳಿಸಿಲ್ಲವೆಂದು ಆ ಕಡೆ ಈ ಕಡೆ ತಿರುಗಿ ತೋರಿಸಿದಳು. ತಾಯಿ ಬಂದು ಎತ್ತಿಕೊಂಡಳು, ಮಲ್ಲು ಕರೆತಂದ ಆಟೋ ಹೊರಟಿತು. ಅಷ್ಟಾದರೂ ಅವಳು ಬಾಯಿ ಮುಚ್ಚಿರಲಿಲ್ಲ.